ಪರರ ಕಟಕಟೆ, ನಮ್ಮ ಮನರಂಜನೆ

ಕೊಲೆಯ ಮೊಕದ್ದಮೆಯೊಂದನ್ನು ಮನೆಯಲ್ಲಿ ಕುಳಿತು ಆದ್ಯಂತ ನೋಡುವುದು, ನೋಡುತ್ತಿರುವಾಗಲೇ ವಕೀಲರೊಬ್ಬರ ವ್ಯಾಖ್ಯಾನವನ್ನು ಕೇಳುವುದು, ಕೇಳುತ್ತ ಕೇಳುತ್ತ ತಾನೂ ಒಂದು ತೀರ್ಪನ್ನು ಬರೆದು ಕಳುಹಿಸುವುದು, ಇದು ಅಮೆರಿಕೆಯಲ್ಲಿ ಅನೇಕರ ದಿನಚರಿಯೇ ಆಗಿಹೋಗಿದೆ. ಆ ದೇಶದಲ್ಲಿ ನೆಲೆಸಿದ ನಮ್ಮ ಬಂಧುಗಳ ಮೂಲಕ ಈ ಅಭ್ಯಾಸ ಇಲ್ಲಿಯ ಮನೆಗಳಿಗೂ ಬಂದಿದೆ. ಅಲ್ಲಿಯ ನ್ಯಾಯಾಲಯ ಬೆಳಗ್ಗೆ 9 ಗಂಟೆಗೆ ಕೂಡುವಾಗ ಬೇಸಿಗೆಯ ದಿನಗಳಲ್ಲಿ ನಮಗೆ ಸಂಜೆ ಆರೂವರೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಗಳಲ್ಲಿಯೂ ಕಣ್ಣು ಕಿವಿಗಳ ಭೋಜನ ಆ ಹೊತ್ತಿಗೆ ಆರಂಭವಾಗಿ ಮಧ್ಯರಾತ್ರಿಯವರೆಗೆ ಸಾಗುವುದುಂಟು. ಇದನ್ನು ಕಾನೂನಿನ ತಿಳಿವಳಿಕೆಯೆಂದು ಕೆಲವರು ಕರೆಯುತ್ತಾರೆ, ನಾಗರಿಕ ಜಾಗೃತಿಯೆಂದು ಇನ್ನು ಕೆಲವರು. ಈ ಎರಡು ಗೌರವದ ಹೆಸರುಗಳೂ ಅದಕ್ಕೆ ಸಲ್ಲವೆಂಬುದು ನನ್ನ ಅಭಿಪ್ರಾಯ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದೇ ಮೊಕದ್ದಮೆಯನ್ನು ಎತ್ತಿಕೊಳ್ಳುತ್ತೇನೆ. 2022ರ ಜನವರಿ 29ರ ಬೆಳಗಿನ ಜಾವ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ, ಹಿಮ ಸುರಿಯುತ್ತಿದ್ದ ಹೊತ್ತಿನಲ್ಲಿ, ಜಾನ್ ಓಕೀಫ್ ಎಂಬ ಬಾಸ್ಟನ್ ಪೊಲೀಸ್ ಅಧಿಕಾರಿ ಒಂದು ಮನೆಯ ಮುಂದಿನ ಅಂಗಳದಲ್ಲಿ ಬಿದ್ದಿದ್ದುದು ಕಂಡುಬಂದಿತು. ಆತ ಉಳಿಯಲಿಲ್ಲ. ಆ ಮನೆಯೂ ಇನ್ನೊಬ್ಬ ಬಾಸ್ಟನ್ ಪೊಲೀಸ್ ಅಧಿಕಾರಿಯದೇ. ಆತನ ಗೆಳತಿ ಕ್ಯಾರೆನ್ ರೀಡ್ ಕುಡಿದ ಅಮಲಿನಲ್ಲಿ ಕಾರನ್ನು ಹಿಮ್ಮುಖವಾಗಿ ಚಲಾಯಿಸಿ ಆತನಿಗೆ ಹೊಡೆದು, ಹಿಮದಲ್ಲಿ ಬಿಟ್ಟು ಹೋದಳೆಂಬುದು ಸರ್ಕಾರದ ಆಪಾದನೆ. ಆತನನ್ನು ಮನೆಯೊಳಗೆ ಹೊಡೆದು ಹೊರಗೆ ಹಾಕಲಾಯಿತು, ಪೊಲೀಸರು ಪರಸ್ಪರ ರಕ್ಷಿಸಿಕೊಳ್ಳುತ್ತಿದ್ದಾರೆ ಎಂಬುದು ಆಕೆಯ ವಕೀಲರ ಪ್ರತಿವಾದ. ಡೆಡ್‌ಹ್ಯಾಮಿನ ನ್ಯಾಯಾಲಯದಲ್ಲಿ 2024ರ ಏಪ್ರಿಲ್ 29ರಂದು ವಾದ ಆರಂಭವಾಗಿ, ಎಪ್ಪತ್ತಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆಯಾಗಿ, ಜ್ಯೂರಿಯಲ್ಲಿ ಒಮ್ಮತ ಮೂಡದೆ ಜುಲೈ 1ರಂದು ವಿಚಾರಣೆ ನಿಷ್ಫಲವಾಯಿತು. 2025ರ ಏಪ್ರಿಲಿನಲ್ಲಿ ಮತ್ತೆ ಆರಂಭವಾಯಿತು. ಜೂನ್ 18ರಂದು ಎರಡನೆಯ ಜ್ಯೂರಿ ಆಕೆಯನ್ನು ಕೊಲೆಯ ಹಾಗೂ ನರಹತ್ಯೆಯ ಆರೋಪಗಳಿಂದ ಬಿಡುಗಡೆ ಮಾಡಿ, ಕುಡಿದು ವಾಹನ ನಡೆಸಿದ ಅಪರಾಧವೊಂದನ್ನು ಮಾತ್ರ ಎತ್ತಿಹಿಡಿಯಿತು. ಬಾಸ್ಟನ್ ಸುತ್ತಮುತ್ತಲ ಜೈನರು ತಮ್ಮ ಕೇಂದ್ರವನ್ನು ಕಟ್ಟಿಕೊಂಡದ್ದು ನಾರ್ವುಡ್ ಎಂಬ ಊರಿನಲ್ಲಿ. ಅದು ಕ್ಯಾಂಟನ್ನಿಗೆ ಪಕ್ಕದ, ಡೆಡ್‌ಹ್ಯಾಮಿಗೆ ಹತ್ತಿರದ ಊರು, ಅದೇ ನಾರ್ಫೋಕ್ ಕೌಂಟಿಗೆ ಸೇರಿದ್ದು. ಆದ್ದರಿಂದ ಇದು ನಮಗೆ ಸಂಬಂಧವಿಲ್ಲದ ದೂರದ ಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ಮೊಕದ್ದಮೆಯ ಕಲಾಪಗಳು ಕ್ಯಾಮೆರಾದ ಮೂಲಕ ನೇರವಾಗಿ ಪ್ರಸಾರವಾದವು. ಬಹಳ ಮಂದಿ ಅದನ್ನು ನೋಡಿದ್ದು ಮಾತ್ರ ನ್ಯಾಯಾಲಯದ ಚಿತ್ರವಾಗಿ ಅಲ್ಲ, ಯೂಟ್ಯೂಬಿನ ವ್ಯಾಖ್ಯಾನಕಾರರ ಪರದೆಯ ಮೇಲೆ. ಒಂದು ಚೌಕದಲ್ಲಿ ಸಾಕ್ಷಿ, ಇನ್ನೊಂದು ಚೌಕದಲ್ಲಿ ವಕೀಲ ವ್ಯಾಖ್ಯಾನಕಾರ, ಪಕ್ಕದಲ್ಲಿ ನೋಡುಗರ ಅಭಿಪ್ರಾಯಗಳ ಎಡೆಬಿಡದ ಹರಿವು. ಹಣ ಕೊಟ್ಟವರ ಪ್ರಶ್ನೆ ಬಣ್ಣದ ಪಟ್ಟಿಯಲ್ಲಿ ಮೇಲೇಳುತ್ತದೆ, ವ್ಯಾಖ್ಯಾನಕಾರರು ಅದನ್ನು ಹೆಸರು ಹಿಡಿದು ಓದುತ್ತಾರೆ. ಆ ಹಣದಲ್ಲಿ ಕಂಪನಿಯ ಪಾಲು ನೂರಕ್ಕೆ ಮೂವತ್ತು. ಓದುವ ಸಲುವಾಗಿ ಸಾಕ್ಷಿಯ ಮಾತನ್ನು ನಡುವೆ ನಿಲ್ಲಿಸಿ, ಆಮೇಲೆ ಕಾಲಕ್ಕೆ ಸರಿಹೊಂದಲೆಂದು ವೇಗವಾಗಿ ಓಡಿಸುವವರೂ ಇದ್ದಾರೆ. ಮಗನ ಸಾವಿನ ಬಗ್ಗೆ ತಾಯಿ ಆಡುವ ಮಾತನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಬಹುದಾದ ಸೌಕರ್ಯವನ್ನು ನಮ್ಮ ಕಾಲ ಕಂಡುಹಿಡಿದಿದೆ!

ನೋಡುಗನಿಗೆ ಒಂದು ಭ್ರಮೆಯುಂಟು. ಜ್ಯೂರಿಯವರು ಕಂಡದ್ದನ್ನೆಲ್ಲ ತಾನೂ ಕಂಡಿದ್ದೇನೆ, ಆದ್ದರಿಂದ ತನ್ನ ತೀರ್ಮಾನವೂ ಅವರದರಷ್ಟೇ ತೂಕದ್ದು ಎಂಬ ಭ್ರಮೆ. ವಾಸ್ತವದಲ್ಲಿ ಆತ ಅವರಿಗಿಂತ ಹೆಚ್ಚನ್ನೂ ಕಾಣುತ್ತಾನೆ, ಕಡಿಮೆಯನ್ನೂ ಕಾಣುತ್ತಾನೆ. ಯಾವ ಪುರಾವೆ ಒಳಗೆ ಬರಬಹುದು, ಯಾವುದು ಬರಬಾರದು ಎಂಬ ವಾದ ನಡೆಯುವಾಗ ನ್ಯಾಯಾಧೀಶರು ಜ್ಯೂರಿಯನ್ನು ಹೊರಗೆ ಕಳುಹಿಸುತ್ತಾರೆ. ಮನೆಯಲ್ಲಿರುವವನನ್ನು ಯಾರೂ ಹೊರಗೆ ಕಳುಹಿಸುವುದಿಲ್ಲ. ನ್ಯಾಯಾಲಯ ತಿರಸ್ಕರಿಸಿದ ಸಂಗತಿಯೇ ಆತನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನೆಡುತ್ತದೆ. ಇತ್ತ ಜ್ಯೂರಿಯವರು ದಾಖಲೆಗಳನ್ನು ಕೈಯಲ್ಲಿ ಹಿಡಿದು ಪರಿಶೀಲಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ತಮಗಿಂತ ಭಿನ್ನವಾಗಿ ಯೋಚಿಸುವ ಹನ್ನೊಂದು ಜನರೊಡನೆ ದಿನಗಟ್ಟಲೆ ಚರ್ಚಿಸುತ್ತಾರೆ. ಮನೆಯವನಿಗೆ ಆ ಕಷ್ಟವಿಲ್ಲ. ತನಗೆ ಒಪ್ಪಿಗೆಯಾಗುವ ವ್ಯಾಖ್ಯಾನಕಾರರನ್ನು ಆತ ಮೊದಲೇ ಆರಿಸಿಕೊಂಡಿದ್ದಾನೆ.

ಇದೇ ಮೊಕದ್ದಮೆಯಲ್ಲಿ ಒಬ್ಬ ಮಹಿಳಾ ಸಾಕ್ಷಿಯ ಫೋನಿನ ಪ್ರಸಂಗವನ್ನು ನೋಡಿರಿ. ಚಳಿಯಲ್ಲಿ ಸಾಯಲು ಎಷ್ಟು ಹೊತ್ತು ಬೇಕೆಂದು ಆಕೆ ಗೂಗಲ್‌ನಲ್ಲಿ ಹುಡುಕಿದ್ದಳು. ಅದು ನಸುಕಿನ 2.27ಕ್ಕೆ ನಡೆದುದೆಂದು ಪ್ರತಿವಾದಿ ಪಕ್ಷ ಹೇಳಿತು. ಹಾಗಿದ್ದರೆ ಶರೀರ ದೊರೆಯುವುದಕ್ಕೆ ಗಂಟೆಗಳ ಮೊದಲೇ ಆಕೆಗೆ ವಿಷಯ ತಿಳಿದಿತ್ತೆಂದಾಯಿತು. ಸರ್ಕಾರದ ಕಡೆಯ ತಜ್ಞರು ಬೇರೆಯೇ ಹೇಳಿದರು: 2.27 ಎಂಬುದು ಫೋನಿನಲ್ಲಿ ಆ ಪುಟವನ್ನು ತೆರೆದ ಹೊತ್ತು. ಅದೇ ಪುಟದಲ್ಲಿ ಈ ಹುಡುಕಾಟ ನಡೆದದ್ದು ಬೆಳಗ್ಗೆ 6 ಗಂಟೆ ದಾಟಿದ ಮೇಲೆ, ಶರೀರ ದೊರೆತ ಬಳಿಕ. ಆರೋಪಿಯೇ ಕೇಳಿಕೊಂಡದ್ದರಿಂದ ಹುಡುಕಿದೆನೆಂದು ಸಾಕ್ಷಿಯ ಹೇಳಿಕೆ. ಫೋನು ತನ್ನ ಹೊಟ್ಟೆಯೊಳಗೆ ಹೊತ್ತನ್ನು ಹೇಗೆ ಬರೆದಿಡುತ್ತದೆ ಎಂಬ ಈ ಸೂಕ್ಷ್ಮ ಪ್ರಶ್ನೆಯಲ್ಲಿ ಎರಡು ಕಡೆಯ ತಜ್ಞರೇ ಒಪ್ಪಲಿಲ್ಲ. ಆದರೆ ಪರದೆಯ ಪಕ್ಕದಲ್ಲಿ ಹರಿಯುವ ಅಭಿಪ್ರಾಯಗಳಿಗೆ ಸಂಶಯವೇ ಇರಲಿಲ್ಲ. ಆ ಮಹಿಳೆ ಸಾಕ್ಷಿಯೇ ಹೊರತು ಆರೋಪಿಯಲ್ಲ, ಆಕೆಯನ್ನು ಖುಲಾಸೆ ಮಾಡುವ ಜ್ಯೂರಿ ಇಲ್ಲ ಎಂಬುದು ಯಾರ ಮನಸ್ಸಿಗೂ ತಟ್ಟಿದಂತೆ ಕಾಣುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಆರೋಪಿಗೆ ಕಾನೂನಿನ ರಕ್ಷಣೆಗಳಿವೆ: ನಿರಪರಾಧಿಯೆಂಬ ಪೂರ್ವಭಾವನೆ, ವಕೀಲ, ಪಾಟೀಸವಾಲು, ಮೇಲ್ಮನವಿ. ಸಾಕ್ಷಿಗೆ ಇವೊಂದೂ ಇಲ್ಲ. ವಿಚಾರಣೆ ಆರಂಭವಾಗುವ ಮೊದಲೇ, 2023ರ ಆಗಸ್ಟಿನಲ್ಲಿ, ಅಲ್ಲಿಯ ಜಿಲ್ಲಾ ಸರ್ಕಾರಿ ವಕೀಲರು ಸಾಕ್ಷಿಗಳಿಗೆ ಕಿರುಕುಳ ಕೊಡುವುದನ್ನು ನಿಲ್ಲಿಸಿರೆಂದು ಬಹಿರಂಗವಾಗಿ ಹೇಳಬೇಕಾಯಿತು. ಅವರು ಒಂದು ಪಕ್ಷದವರು, ಅವರ ಮಾತನ್ನು ಬಿಡೋಣವೆಂದರೆ, ನ್ಯಾಯಾಧೀಶರೇ ನ್ಯಾಯಾಲಯದ ಸುತ್ತ 200 ಅಡಿಯೊಳಗೆ ಪ್ರದರ್ಶನ ನಡೆಸಕೂಡದೆಂದು ಆಜ್ಞೆ ಮಾಡಿದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮೊದಲ ವಿಚಾರಣೆ ನಿಷ್ಫಲವಾದ ಬಳಿಕ ಜ್ಯೂರಿಯವರ ಹೆಸರುಗಳನ್ನು ಅವರ ಸುರಕ್ಷತೆಗಾಗಿ ಗೋಪ್ಯವಾಗಿಡಬೇಕಾಯಿತು. ಹನ್ನೆರಡು ಜನ ಸಾಮಾನ್ಯ ನಾಗರಿಕರು ಕರೆ ಬಂದಿತೆಂದು ಬಂದು, ಎರಡು ತಿಂಗಳು ಕುಳಿತು, ಕೊನೆಗೆ ತಮ್ಮ ಹೆಸರು ಹೊರಬಂದೀತೆಂದು ಅಂಜಬೇಕಾದ ಸ್ಥಿತಿಗೆ ಯಾರು ಹೊಣೆ? ಕಲ್ಲೆಸೆದವನೊಬ್ಬನೇ ಹೊಣೆಯಲ್ಲ, ಸುತ್ತ ನೆರೆದು ನಿಂತವರಿಲ್ಲದೆ ಕಲ್ಲೆಸೆಯುವವನಿಗೆ ಹುಮ್ಮಸ್ಸು ಬರುವುದಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿಯುತ್ತಾರೆ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು; ಪ್ರಯೋಜನವಿಲ್ಲದೆ ಪಾಪವನ್ನು ಕಟ್ಟಿಕೊಳ್ಳುವ ಕ್ರಿಯೆಗಳಿಂದ ದೂರವಿರುವುದು ಅದರ ಅರ್ಥ. ಆ ಕ್ರಿಯೆಗಳಲ್ಲಿ ಅಪಧ್ಯಾನವೆಂಬುದನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಪರರ ಜಯ, ಪರಾಜಯ, ವಧೆ, ಬಂಧನಗಳು ಹೇಗಾದಾವೆಂದು ಮನಸ್ಸಿನಲ್ಲಿ ಚಿಂತಿಸುತ್ತಿರುವುದನ್ನೇ ಹೆಸರಿಸಿದ್ದಾರೆ. ಸಾವಿರದ ಐನೂರು ವರ್ಷಗಳ ಹಿಂದಿನ ಆಚಾರ್ಯರಿಗೆ ಯೂಟ್ಯೂಬ್ ತಿಳಿದಿರಲಿಲ್ಲ. ಆದರೂ ಇಂದಿನ ಈ ಹವ್ಯಾಸಕ್ಕೆ ಇದಕ್ಕಿಂತ ಖಚಿತವಾದ ಲಕ್ಷಣವನ್ನು ನಾನು ಕಂಡಿಲ್ಲ. ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ, ಯಾರಿಗೆ ಆಜೀವ ಸೆರೆಯಾಗುತ್ತದೆ ಎಂಬ ಚಿಂತನೆ ಬಿಟ್ಟರೆ ಅಲ್ಲಿ ಇನ್ನೇನಿದೆ? ಮಾಂಸದ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆಯುವ ನಾವು ಶವಪರೀಕ್ಷೆಯ ವರದಿಗೆ ಕಿವಿಗೊಟ್ಟು ಕುಳಿತುಕೊಳ್ಳುವುದು ವಿಚಿತ್ರವಲ್ಲವೇ?

ಇದಕ್ಕೆ ಬರುವ ಪ್ರಬಲವಾದ ಉತ್ತರವನ್ನು ಮರೆಮಾಚುವುದು ನ್ಯಾಯವಲ್ಲ. ಜನ ನೋಡುತ್ತಿದ್ದರಿಂದಲೇ ಈ ಪ್ರಕರಣದ ತನಿಖೆಯ ಕೊಳಕು ಹೊರಬಂದಿತೆಂದು ಅವರು ಹೇಳುತ್ತಾರೆ. ಕೊಳಕಿದ್ದುದು ನಿಜ. ಮುಖ್ಯ ತನಿಖಾಧಿಕಾರಿ ಆರೋಪಿಯ ಬಗ್ಗೆ, ಆಕೆಯ ಶರೀರದ ಬಗ್ಗೆ, ತನ್ನ ಗೆಳೆಯರಿಗೂ ಸಹೋದ್ಯೋಗಿಗಳಿಗೂ ಅಸಭ್ಯ ಸಂದೇಶಗಳನ್ನು ಕಳುಹಿಸಿದ್ದ. 2024ರ ಜೂನಿನಲ್ಲಿ ಸಾಕ್ಷಿಕಟ್ಟೆಯಲ್ಲಿ ಅವನ್ನು ತಾನೇ ಓದಬೇಕಾಯಿತು. 2025ರ ಮಾರ್ಚಿನಲ್ಲಿ ಕೆಲಸದಿಂದ ವಜಾ ಆದ. ಆದರೆ ಆ ಸಂದೇಶಗಳನ್ನು ಹೊರತಂದವರು ಯಾರು? ಕೇಂದ್ರ ಸರ್ಕಾರದ ಪ್ರತ್ಯೇಕ ತನಿಖೆಯಲ್ಲಿ ಅವು ದೊರೆತವು. ಉಭಯ ಪಕ್ಷಗಳ ಕೈಗೆ ಬಂದವು. ಪಾಟೀಸವಾಲಿನಲ್ಲಿ ವಕೀಲರು ಅವನ್ನು ಬಳಸಿದರು. ಹೊರಗಿನ ಗದ್ದಲದಿಂದ ಪ್ರಕರಣದ ಮೇಲೆ ಜನರ ಕಣ್ಣು ಬಿದ್ದಿತೆಂಬುದನ್ನು ಒಪ್ಪಬಹುದು. ಆದರೆ ಆರೋಪಿಯನ್ನು ಬಿಡಿಸಿದ್ದು ಬಾಗಿಲು ತೆರೆದ ನ್ಯಾಯಾಲಯ, ತಯಾರಾಗಿ ಬಂದ ವಕೀಲರು, ಮೌನವಾಗಿ ಕೇಳಿದ ಜ್ಯೂರಿ. ಅಂಚೆಯ ಮೇಲೆ ಬರುವ ಪತ್ರಿಕೆಯೊಂದರ ವರದಿಗಾರ ಆ ದಿನ ಅಲ್ಲಿ ಕುಳಿತಿದ್ದರೂ ಆ ಸಂದೇಶಗಳು ಲೋಕಕ್ಕೆ ತಿಳಿಯುತ್ತಿದ್ದವು. ತೆರೆದ ನ್ಯಾಯಾಲಯ ಬೇಡವೆಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆದಿರುವುದು ಬೇರೆ, ಬಾಗಿಲ ಮುಂದೆ ಸಂತೆ ಕೂಡುವುದು ಬೇರೆ.

ಸಂತೆಯ ಲೆಕ್ಕಾಚಾರಕ್ಕೆ ಒಂದು ಉದಾಹರಣೆ ಸಾಕು. ಕ್ಯಾರೆನ್ ರೀಡ್ ಬಿಡುಗಡೆಯಾದೊಡನೆ, ಹಾಗಾದರೆ ಕೊಂದವರು ಆ ಮನೆಯವರೇ ಎಂದು ಹಲವರು ನಿರ್ಣಯಿಸಿಬಿಟ್ಟರು. ಆರೋಪ ಸಂಶಯಾತೀತವಾಗಿ ಸಿದ್ಧವಾಗಲಿಲ್ಲವೆಂಬುದಷ್ಟೇ ಜ್ಯೂರಿಯ ಮಾತು. ಎರಡು ವಿಚಾರಣೆಗಳು ಮುಗಿಯುವವರೆಗೂ ಆ ಮನೆಯವರ ಮೇಲೆ ಯಾವ ಸರ್ಕಾರಿ ವಕೀಲರೂ ಕೊಲೆಯ ಆರೋಪ ಹೊರಿಸಿರಲಿಲ್ಲ. ಒಬ್ಬಳ ಖುಲಾಸೆಯನ್ನೇ ಇನ್ನೊಬ್ಬರ ಶಿಕ್ಷೆಯಾಗಿ ಓದುವವರು ಕಾನೂನನ್ನು ಕಲಿತರೆಂದು ನಂಬುವುದು ಹೇಗೆ?

ಕಾನೂನಿನ ಶಿಕ್ಷಣವೆಂಬ ಸಮರ್ಥನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜ್ಯೂರಿ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಹೋಯಿತು. ಅದು ಹೋಗುವುದಕ್ಕೆ ಮುನ್ನ 1959ರ ನಾನಾವತಿ ಮೊಕದ್ದಮೆಯಲ್ಲಿ ಪತ್ರಿಕೆಯೊಂದು ಆರೋಪಿಯ ಪರ ಎಬ್ಬಿಸಿದ ಅಬ್ಬರವನ್ನು ಹಿರಿಯರು ಮರೆತಿರಲಾರರು. ಮ್ಯಾಸಚೂಸೆಟ್ಸಿನಲ್ಲಿ ಯಾವ ಪ್ರಶ್ನೆಗೆ ಆಕ್ಷೇಪಣೆ ಎತ್ತಬಹುದೆಂದು ಬಲ್ಲ ನಮ್ಮ ತರುಣರಿಗೆ, 2024ರ ಜುಲೈ 1ರಿಂದ ಇಲ್ಲಿ ಜಾರಿಯಾದ ಹೊಸ ದಂಡ ಸಂಹಿತೆಯ ಹೆಸರು ತಿಳಿದಿದೆಯೇ? ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಬಡವರಿಗೆ ಉಚಿತ ವಕೀಲರು ದೊರೆಯುತ್ತಾರೆಂಬುದು ತಿಳಿದಿದೆಯೇ? ಕಲಿಯುವ ಆಸೆಯಿದ್ದರೆ ಕಲಿಯಲು ಹತ್ತಿರದಲ್ಲಿಯೇ ಬೇಕಾದಷ್ಟಿದೆ.

ಅಮೆರಿಕೆಗೂ ಈ ರೋಗದ ಅನುಭವ ಹೊಸದಲ್ಲ. 1954ರಲ್ಲಿ ಹೆಂಡತಿಯನ್ನು ಕೊಂದನೆಂದು ಶಿಕ್ಷೆಗೊಳಗಾದ ಡಾ. ಸ್ಯಾಮ್ ಶೆಪರ್ಡ್ ಅವರ ತೀರ್ಪನ್ನು 1966ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಪತ್ರಿಕೆಗಳ ಜಾತ್ರೆಯ ನಡುವೆ ನಡೆದ ವಿಚಾರಣೆ ನ್ಯಾಯಯುತವಲ್ಲವೆಂಬುದೇ ಕಾರಣ. ಮರುವಿಚಾರಣೆಯಲ್ಲಿ ಅವರು ಖುಲಾಸೆಯಾದರು. ಅಷ್ಟರಲ್ಲಿ ಸುಮಾರು ಹತ್ತು ವರ್ಷ ಸೆರೆಮನೆಯಲ್ಲಿ ಕಳೆದಿತ್ತು. ಅಂದು ನ್ಯಾಯಾಧೀಶರು ವರದಿಗಾರರ ಮೇಜನ್ನು ದೂರ ಸರಿಸಬಹುದಾಗಿತ್ತು. ಇಂದು ಸರಿಸಲು ಮೇಜೇ ಇಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಒಂದು ಸಮಾಧಾನದ ಸಂಗತಿಯಿದೆ. ಕರ್ನಾಟಕ ಉಚ್ಚ ನ್ಯಾಯಾಲಯ ರೂಪಿಸಿ 2022ರ ಜನವರಿಯಿಂದ ಜಾರಿಗೆ ತಂದ ನೇರ ಪ್ರಸಾರದ ನಿಯಮಗಳು ಸಾಕ್ಷ್ಯ ದಾಖಲಿಸುವುದನ್ನೂ ಪಾಟೀಸವಾಲನ್ನೂ ಪ್ರಸಾರದಿಂದ ಹೊರಗಿಟ್ಟಿವೆ. ವಕೀಲರ ವಾದವನ್ನು ಜನ ನೋಡಬಹುದು, ಸಾಕ್ಷಿಯ ಮುಖವನ್ನು ನೋಡುವಂತಿಲ್ಲ. ಆದರೂ ನಮ್ಮಲ್ಲಿಯ ಹಸಿವು ಕಡಿಮೆಯೇನಲ್ಲ. 2024ರಲ್ಲಿ ಬೆಂಗಳೂರಿನ ಒಂದು ಕೊಲೆ ಪ್ರಕರಣದ ಆರೋಪಪಟ್ಟಿಯಲ್ಲಿದ್ದ ಗೋಪ್ಯ ಸಂಗತಿಗಳನ್ನು ಬಿತ್ತರಿಸದಂತೆ ಅದೇ ನ್ಯಾಯಾಲಯ ಮಾಧ್ಯಮಗಳನ್ನು ತಡೆಯಬೇಕಾಯಿತು. ಸಾಕ್ಷ್ಯವನ್ನೂ ಪ್ರಸಾರ ಮಾಡಿರೆಂಬ ಬೇಡಿಕೆ ನಾಳೆ ಬಂದರೆ ಆಶ್ಚರ್ಯವಿಲ್ಲ. ಈ ಪತ್ರಿಕೆಯ ವಾಚಕರಲ್ಲಿ ನ್ಯಾಯವಾದಿಗಳಿದ್ದಾರೆ, ನಿವೃತ್ತ ನ್ಯಾಯಾಧಿಕಾರಿಗಳೂ ಇದ್ದಾರೆ. ಅಂಥ ಬೇಡಿಕೆ ಬಂದ ದಿನ ತಮ್ಮ ಸಂಘಗಳಲ್ಲಿ ಅದನ್ನು ವಿರೋಧಿಸುವವರು ಅವರೇ ಆಗಬೇಕು. ಬಸದಿಯ ಟ್ರಸ್ಟುಗಳವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ: ಅಭಿಷೇಕದ ವೇಳೆ, ಚಾತುರ್ಮಾಸದ ಪ್ರವಚನ ತಿಳಿಸಲೆಂದು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿಗೆ ಕೊಲೆ ಮೊಕದ್ದಮೆಯ ತುಣುಕುಗಳು ಬಂದಾಗ ಅಳಿಸಿಹಾಕಿ, ಕಳುಹಿಸಿದವರಿಗೆ ಒಂದು ಮಾತು ಹೇಳಬಹುದು.

ಕ್ಯಾಂಟನ್ನಿನ ಪ್ರಕರಣದಲ್ಲಿ ಇನ್ನಿಬ್ಬರಿದ್ದಾರೆ. ಅವರ ಹೆಸರನ್ನು ಬರೆಯುವುದಿಲ್ಲ. ಸಹೋದರಿಯೂ ಆಕೆಯ ಗಂಡನೂ ತೀರಿಕೊಂಡ ಬಳಿಕ ಅವರ ಇಬ್ಬರು ಮಕ್ಕಳನ್ನು ಜಾನ್ ಓಕೀಫ್ ತನ್ನ ಮನೆಯಲ್ಲಿರಿಸಿಕೊಂಡು ಸಾಕುತ್ತಿದ್ದ. ಆತನ ಕುಟುಂಬದವರು 2024ರ ಆಗಸ್ಟಿನಲ್ಲಿ ಪರಿಹಾರಕ್ಕಾಗಿ ಸಿವಿಲ್ ದಾವೆಯನ್ನೂ ಹೂಡಿದರು. ಎರಡು ವಿಚಾರಣೆಗಳ ಪ್ರತಿ ಗಂಟೆಯೂ, ಸೋದರಮಾವನ ಗಾಯಗಳ ಪ್ರತಿ ಚಿತ್ರದ ಕುರಿತ ವಾದವೂ, ಅದರ ಕೆಳಗೆ ಅಪರಿಚಿತರು ಬರೆದ ಹಾಸ್ಯವೂ ಆ ಮಕ್ಕಳು ಬಯಸಿದಾಗ ತೆರೆದು ನೋಡಬಹುದಾದಂತೆ ಅಲ್ಲಿಯೇ ಬಿದ್ದಿವೆ.