ಕೇಕ್ ಟಿನ್ನಿನ ಲೆಕ್ಕ

ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಪದರದ ಕೇಕ್ ಮಾಡಲು ಹೊರಟವರು ಮೈದಾ, ಬೆಣ್ಣೆ, ಸಕ್ಕರೆಯನ್ನು ಅಳೆದು ತೂಗಿ ಹಾಕುತ್ತಾರೆ. ಟಿನ್ ಮಾತ್ರ ಕೈಗೆ ಸಿಕ್ಕಿದ್ದು! ಹಿಟ್ಟು ಉಕ್ಕಿ ಓವನ್ನಿನೊಳಗೆ ಚೆಲ್ಲಿದರೆ ಅಥವಾ ಕೇಕ್ ಚಪ್ಪಟೆಯಾದರೆ ಬೈಗುಳವೆಲ್ಲ ಬೇಕಿಂಗ್ ಪೌಡರಿಗೆ. ಎಷ್ಟೋ ಸಲ ತಪ್ಪಿರುವುದು ಟಿನ್ನಿನ ಅಳತೆಯಲ್ಲಿ.

8 ಇಂಚಿನ ಟಿನ್ನಿಗೂ 6 ಇಂಚಿನದಕ್ಕೂ ಎರಡೇ ಇಂಚು ವ್ಯತ್ಯಾಸ ತಾನೇ ಎನ್ನಬೇಡಿ. ಶಾಲೆಯಲ್ಲಿ ಕಲಿತ ವೃತ್ತದ ವಿಸ್ತೀರ್ಣದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ತ್ರಿಜ್ಯದ ವರ್ಗವನ್ನು 3.14ರಿಂದ ಗುಣಿಸಿ. 8 ಇಂಚಿನ ಟಿನ್ನಿನ ತಳ ಸುಮಾರು 50 ಚದರ ಇಂಚು. 6 ಇಂಚಿನದು ಬರೀ 28. ಹೆಚ್ಚು ಕಡಿಮೆ ಅರ್ಧ! ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ಬೆಣ್ಣೆ, ಮೊಟ್ಟೆಯ ದುಡ್ಡು ಹೋಗುತ್ತದೆ.

ಲೆಕ್ಕ ಬಲ್ಲವರಿಗೆ ಲಾಭವೂ ಉಂಟು. 8 ಇಂಚಿನ ಒಂದು ಟಿನ್ನಿನ ಹಿಟ್ಟನ್ನು 6 ಇಂಚಿನ ಎರಡಕ್ಕೆ ಹಂಚಿದರೆ ಅದೇ ಖರ್ಚಿನಲ್ಲಿ ಎರಡು ಪದರದ ಪುಟ್ಟ ಕೇಕ್ ಸಿದ್ಧ. 9 ಇಂಚಿನ ದುಂಡು ಟಿನ್ನಿನ ತಳವೂ 8 ಇಂಚಿನ ಚೌಕ ಟಿನ್ನಿನ ತಳವೂ ಸುಮಾರು 64 ಚದರ ಇಂಚು. ಎತ್ತರ ಒಂದೇ ಇದ್ದರೆ ಒಂದರ ಬದಲು ಇನ್ನೊಂದು ನಡೆಯುತ್ತದೆ.

ಕೊಳ್ಳುವಾಗ ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಟಿನ್ ತನ್ನಿ. ಅಂಚು ನೇರವಾಗಿರಲಿ, ಎತ್ತರ 2 ಇಂಚು ಇರಲಿ. ಅಲ್ಯೂಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುವುದರಿಂದ ಕೇಕ್ ಸಮನಾಗಿ ಬೇಯುತ್ತದೆ. ಕಪ್ಪು ಟಿನ್ ಶಾಖವನ್ನು ಬೇಗ ಹೀರಿ ಅಂಚನ್ನು ಸೀಯಿಸುತ್ತದೆ. ಅದನ್ನು ಬಳಸುವುದಾದರೆ ಉಷ್ಣತೆಯನ್ನು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇಳಿಸಿ. ಅಂಗಡಿಗೆ ಹೋಗುವ ಮುಂಚೆ ಓವನ್ನಿನ ಒಳಭಾಗವನ್ನೂ ಅಳೆಯಿರಿ. ಟಿನ್ನಿನ ಸುತ್ತ ಬಿಸಿಗಾಳಿ ಆಡಲು ಒಂದಿಂಚಾದರೂ ಜಾಗ ಬೇಕು.

ತಳಕ್ಕೆ ಬಟರ್ ಪೇಪರ್ ಹಾಸಿ, ಎರಡೂ ಟಿನ್ನಿಗೆ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಸಮನಾಗಿ ಹಾಕಿ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಸಾಕು, ಉಬ್ಬಲು ಜಾಗವಿರಲಿ. ಅಂಚು ಮೊದಲು ಬೆಂದು ಗಟ್ಟಿಯಾಗುತ್ತದೆ, ನಡುಭಾಗ ಆಮೇಲೂ ಉಬ್ಬುತ್ತಲೇ ಇರುತ್ತದೆ. ಕೇಕ್ ಗೋಪುರವಾಗುವುದು ಹೀಗೆ. ದಪ್ಪ ಹತ್ತಿಬಟ್ಟೆಯ ಪಟ್ಟಿಯನ್ನು ನೀರಲ್ಲಿ ಅದ್ದಿ ಹಿಂಡಿ, ಟಿನ್ನಿನ ಹೊರಸುತ್ತಿಗೆ ಬಿಗಿದು ಪಿನ್ ಹಾಕಿದರೆ ಅಂಚು ನಿಧಾನವಾಗಿ ಬೆಂದು ಮೇಲ್ಭಾಗ ಮಟ್ಟಸವಾಗುತ್ತದೆ. ಪಟ್ಟಿಯ ತುದಿ ಓವನ್ನಿನ ಕಾಯಿಲ್‌ಗೆ ತಾಗದಂತೆ ನೋಡಿಕೊಳ್ಳಿ.

ಬೆಂದ ಮೇಲೆ ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ಅಂಚಿಗೆ ಚಾಕು ಆಡಿಸಿ ಜಾಲರಿಯ ಮೇಲೆ ಬೋರಲು ಹಾಕಿ. ಪೂರ್ತಿ ಆರುವ ಮೊದಲೇ ಕ್ರೀಮ್ ಬಳಿದರೆ ಅದು ಕರಗಿ ಪದರಗಳು ಜಾರುತ್ತವೆ.

ಅಳತೆ, ತೂಕ, ಗುಣಾಕಾರವನ್ನೆಲ್ಲ ಮಕ್ಕಳಿಗೆ ಬಿಟ್ಟುಬಿಡಿ. ಬಿಸಿ ಓವನ್ನಿನ ಕೆಲಸ ಮಾತ್ರ ದೊಡ್ಡವರ ಕೈಯಲ್ಲಿರಲಿ.