ನಿಕಾಹ್‌ಗೆ ಸಾಕ್ಷಿಗಳುಂಟು, ನೌಕರಿಗೇಕಿಲ್ಲ?

ನಮ್ಮ ಮನೆಗಳಲ್ಲಿ ನಿಕಾಹ್ ನಡೆಯುವಾಗ ಮಹ್ರ್ ಎಷ್ಟೆಂದು ಕೇಳುತ್ತೇವೆ, ಅದನ್ನು ದಫ್ತರಿನಲ್ಲಿ ಬರೆಸುತ್ತೇವೆ, ಇಬ್ಬರು ಸಾಕ್ಷಿಗಳ ಸಹಿ ಪಡೆಯುತ್ತೇವೆ. ಆದರೆ ಅದೇ ಮನೆಯ ಮಗನೋ ಮಗಳೋ ನೌಕರಿಗೆ ಸೇರುವಾಗ ಕೇಳುವವರೂ ಇಲ್ಲ, ಬರೆಯುವವರೂ ಇಲ್ಲ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಅಂಗಡಿಗೆ ಹೋಗುವ ಯುವಕ, ಮದ್ದೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಸಹೋದರಿ, ಮಳವಳ್ಳಿಯ ಗ್ಯಾರೇಜಿನಲ್ಲಿ ದುಡಿಯುವ ತರುಣ ಇವರ ಪೈಕಿ ಎಷ್ಟು ಮಂದಿಯ ಬಳಿ ನೇಮಕಾತಿ ಪತ್ರವಿದೆ? ‘ಕೆಲಸ ಸಿಕ್ಕಿತಲ್ಲ, ಅಲ್‌ಹಮ್ದುಲಿಲ್ಲಾಹ್’ ಎಂದು ಸುಮ್ಮನಾಗುವುದು ನಮ್ಮ ರೂಢಿ. ಈ ಮೌನ ತವಕ್ಕುಲ್ ಅಲ್ಲ, ಅಜಾಗ್ರತೆ.

ಮದ್ರಸದಲ್ಲಿ ಓದಿದ ನಮಗೆ ಫಿಕ್ಹ್ ಗ್ರಂಥಗಳ ಇಜಾರಾ ಅಧ್ಯಾಯ ಅಪರಿಚಿತವಲ್ಲ. ಕೆಲಸ ಯಾವುದು, ಕೂಲಿ ಎಷ್ಟು ಎಂಬುದು ಸ್ಪಷ್ಟವಾಗದ ಹೊರತು ಒಪ್ಪಂದ ಸಿಂಧುವಲ್ಲವೆಂದು ಅಲ್ಲಿ ಕಲಿತಿದ್ದೇವೆ. ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಹಝ್ರತ್ ಮೂಸಾ(ಅ) ಮದ್‌ಯನ್‌ನ ವೃದ್ಧರೊಂದಿಗೆ ಮಾಡಿಕೊಂಡ ಕರಾರಿನ ವಿವರವಿದೆ. ಅವಧಿ ಎಂಟು ವರ್ಷ. ಹತ್ತು ವರ್ಷ ಪೂರೈಸುವುದು ದುಡಿಯುವವನ ಇಚ್ಛೆ. ಕಷ್ಟಕ್ಕೆ ಗುರಿಪಡಿಸುವುದಿಲ್ಲವೆಂಬ ಮಾತನ್ನು ಅಲ್ಲಿ ಕೊಟ್ಟವರು ಕೆಲಸ ಕೊಟ್ಟವರೇ. ಅಲ್ಲಾಹನೇ ಅದಕ್ಕೆ ಸಾಕ್ಷಿ. ಕಡ್ಡಾಯವೇನು, ಐಚ್ಛಿಕವೇನು ಎಂಬುದನ್ನು ಮೊದಲೇ ನಿರ್ಧರಿಸಿದ ಕರಾರು ಅದು.

ಇನ್ನು ನಮ್ಮ ಜಿಲ್ಲೆಯ ಒಂದು ಘಟನೆ. 2020ರ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ನಿಂತುಹೋಯಿತು. ಅಲ್ಲಿದ್ದ 1,200ಕ್ಕೂ ಅಧಿಕ ಕಾರ್ಮಿಕರಲ್ಲಿ ಬಹುತೇಕರು ಮಹಿಳೆಯರು. ಕೊರೋನಾ ಕಾಲದಲ್ಲಿ ಆರ್ಡರ್ ಕುಸಿದಿದೆ ಎಂದು ಆಡಳಿತ ವರ್ಗ ಹೇಳಿತು. ಸರಕಾರದ ಪೂರ್ವಾನುಮತಿಯಿಲ್ಲದೆ ಕೆಲಸ ನಿಲ್ಲಿಸಿದ್ದು ಕಾನೂನುಬಾಹಿರ ಎಂಬುದು ಕಾರ್ಮಿಕ ಸಂಘದ ವಾದ. ಮಹಿಳೆಯರು ವಾರಗಟ್ಟಲೆ ಕಾರ್ಖಾನೆಯ ಎದುರು ಕುಳಿತರು. ಕೊನೆಗೆ 2021ರ ಫೆಬ್ರವರಿಯಲ್ಲಿ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಮತ್ತು ಸಂಘವನ್ನು ಮಾನ್ಯ ಮಾಡುವ ಒಪ್ಪಂದವಾಯಿತು. ಅವರ ಕೈಯಲ್ಲಿದ್ದದ್ದು ಎರಡೇ: ಕಾನೂನಿನ ಅರಿವು ಮತ್ತು ಒಗ್ಗಟ್ಟು. ‘ಸಂಘ, ಯೂನಿಯನ್ ಎಲ್ಲ ನಮಗೇಕೆ ರಗಳೆ’ ಎನ್ನುವ ನಮ್ಮವರು ಇದನ್ನು ಗಮನಿಸಬೇಕು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇವುಗಳಲ್ಲಿ ಒಳಿತೂ ಇದೆ, ಅಪಾಯವೂ ಇದೆ. ಲಿಖಿತ ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟರೂ, ತೆಗೆದುಹಾಕಿದರೂ 2 ಕೆಲಸದ ದಿನಗಳೊಳಗೆ ಬಾಕಿ ವೇತನ ಕೈಸೇರಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನ ಸಲ್ಲಬೇಕು. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿ ಉಂಟು. ಆದರೆ ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಕಾರ್ಮಿಕರಿದ್ದಲ್ಲಿ ಅನ್ವಯವಾಗುತ್ತಿತ್ತು, ಈಗ ಆ ಸಂಖ್ಯೆ 300ಕ್ಕೇರಿದೆ. ಅಂದರೆ ಇನ್ನೂರು ಮಂದಿ ದುಡಿಯುವ ಕಾರ್ಖಾನೆಗೆ ಬೀಗ ಹಾಕಲು ಈ ಅನುಮತಿ ಬೇಕಿಲ್ಲ. ಉದ್ಯಮಿಗೆ ಇಷ್ಟು ಸಲೀಸು ಮಾಡಿಕೊಟ್ಟ ಸರಕಾರ, ಬೀದಿಗೆ ಬೀಳುವವರ ಬಗ್ಗೆಯೂ ಅಷ್ಟೇ ಯೋಚಿಸಿತೇ? ಇಂತಹ ಕಾಲದಲ್ಲಿ ಬಡವನಿಗೆ ಕಾಗದವೇ ಆಸರೆ. ಎಷ್ಟು ವರ್ಷ ದುಡಿದೆ ಎಂಬುದನ್ನು ರುಜುವಾತುಪಡಿಸದವನಿಗೆ ಪರಿಹಾರ ದಕ್ಕುವುದು ಕಷ್ಟ.

ಆದ್ದರಿಂದ ಮಕ್ಕಳು ಕೆಲಸಕ್ಕೆ ಸೇರುವಾಗ ಹೆತ್ತವರು ಕೆಲವು ವಿಷಯಗಳನ್ನು ವಿಚಾರಿಸಬೇಕು. ಹುದ್ದೆ, ಸಂಬಳ, ಕೆಲಸದ ವೇಳೆ, ವಾರದ ರಜೆ, ಬಿಡುವಾಗ ಕೊಡಬೇಕಾದ ನೋಟಿಸ್ ಇವೆಲ್ಲ ಪತ್ರದಲ್ಲಿವೆಯೇ? 20 ಮಂದಿಯಿರುವ ಸಂಸ್ಥೆಯಾದರೆ ಪಿ.ಎಫ್. ಕಟ್ಟುತ್ತಾರೆಯೇ? 10 ಮಂದಿಯಿದ್ದು ಸಂಬಳ 21,000 ರೂಪಾಯಿ ಮೀರದಿದ್ದರೆ ಇ.ಎಸ್.ಐ. ಕಾರ್ಡ್ ಬಂದಿದೆಯೇ? ಓದಲಾಗದ ಇಂಗ್ಲಿಷ್ ಕರಾರಿಗೆ, ಖಾಲಿ ಹಾಳೆಗೆ ಸಹಿ ಹಾಕಬಾರದು. ಸಹಿ ಮಾಡಿದ ಪ್ರತಿಯೊಂದು ಕಾಗದದ ನಕಲು ಮನೆಯಲ್ಲಿರಬೇಕು. ಮೂಲ ಅಂಕಪಟ್ಟಿಯನ್ನು ತೋರಿಸಿ, ಒಪ್ಪಿಸಿ ಬರಬೇಡಿ.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಇಮಾಮ್ ಸಾಹೇಬರಿಗೆ, ಮುಅಝ್ಝಿನರಿಗೆ, ಮಕ್ತಬಿನ ಶಿಕ್ಷಕರಿಗೆ ನೇಮಕಾತಿ ಪತ್ರ ಕೊಟ್ಟ ಜಮಾಅತ್‌ಗಳೆಷ್ಟು? ಕಮಿಟಿ ಬದಲಾದೊಡನೆ ಇಮಾಮರೂ ಗಂಟುಮೂಟೆ ಕಟ್ಟಬೇಕಾಗುವುದು ಯಾವ ನ್ಯಾಯ? ನಮ್ಮವರದೇ ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ವಾರದ ರಜೆ ಸಿಗುತ್ತಿದೆಯೇ? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ) ವಚನವನ್ನು ಮಿಂಬರಿನಿಂದ ಕೇಳುವ ನಾವು, ಅದನ್ನು ಹೇಳಿದ ಖತೀಬರ ಸಂಬಳವನ್ನೇ ತಡಮಾಡಿದರೆ ಆ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಅಲ್ಲಾಹನೇ ವಾದಿಯಾಗುವನೆಂಬ ಎಚ್ಚರಿಕೆ ಮಾಲಿಕ ಮುಸ್ಲಿಮನಾದ ಮಾತ್ರಕ್ಕೆ ರದ್ದಾಗುವುದಿಲ್ಲ.

ಪ್ರತಿ ಮೊಹಲ್ಲಾದಲ್ಲಿಯೂ ಪದವಿ ಓದಿದ ಯುವಕ ಯುವತಿಯರಿದ್ದಾರೆ. ತಿಂಗಳಿಗೊಮ್ಮೆ ಜುಮುಆ ಬಳಿಕ ಒಂದು ಗಂಟೆ ಕುಳಿತು, ನೆರೆಹೊರೆಯವರ ನೇಮಕಾತಿ ಪತ್ರ, ಪಿ.ಎಫ್. ಲೆಕ್ಕಗಳನ್ನು ಓದಿ ಹೇಳಲಿ. ಮಹಿಳೆಯರಿಗಾಗಿ ಮಹಿಳೆಯರೇ ಈ ಕೆಲಸ ಮಾಡಲಿ. ವ್ಯಾಜ್ಯ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ನೆರವು ಪಡೆಯುವ ಹಕ್ಕಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಜಮಾಅತ್‌ಗಳು ಮೊದಲ ಪತ್ರವನ್ನು ತಮ್ಮ ಇಮಾಮರಿಗೆ ಬರೆದುಕೊಟ್ಟು ಈ ಕೆಲಸ ಆರಂಭಿಸಲಿ.