ಆಕಾಶದಲ್ಲಿ ಅಳೆದಿಟ್ಟ ಜಾಗ

ಹೊಸಂಗಡಿ, ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮನೆಗಳಲ್ಲಿ ರೇಡಿಯೋದ ಮುಳ್ಳನ್ನು ತಿರುಗಿಸುತ್ತ ಬೆಳೆದ ಹಿರಿಯರಿಗೆ ಕೆಲವು ಅಂಕೆಗಳು ಮಗ್ಗಿಯಂತೆ ಕಂಠಸ್ಥವಾಗಿದ್ದವು. ಮಂಗಳೂರು 1089, ಧಾರವಾಡ 765, ಭದ್ರಾವತಿ 675, ಬೆಂಗಳೂರು 612. ಇವು ಮಧ್ಯಮ ತರಂಗದ ಕಿಲೋಹರ್ಟ್ಸ್ ಸಂಖ್ಯೆಗಳು. ವಾಚಕರು ಕಾಗದ ಪೆನ್ಸಿಲು ಹಿಡಿದು ಈ ನಾಲ್ಕನ್ನೂ ಒಂಬತ್ತರಿಂದ ಭಾಗಿಸಿ ನೋಡಬೇಕು. ಯಾವುದರಲ್ಲಿಯೂ ಶೇಷ ಉಳಿಯುವುದಿಲ್ಲ.

ಇದು ಆಕಸ್ಮಿಕವಲ್ಲ. 1975ರಲ್ಲಿ ಜಿನೀವಾ ನಗರದಲ್ಲಿ ಯುರೋಪು, ಆಫ್ರಿಕಾ, ಏಷ್ಯಾ ಖಂಡಗಳ ರಾಷ್ಟ್ರಗಳೆಲ್ಲ ಕೂಡಿ ಮಾಡಿಕೊಂಡ ಒಪ್ಪಂದದ ಫಲವಿದು. ಒಂದು ನಿಲಯಕ್ಕೂ ಮತ್ತೊಂದಕ್ಕೂ ನಡುವೆ ಒಂಬತ್ತು ಕಿಲೋಹರ್ಟ್ಸುಗಳ ಅಂತರವಿರಬೇಕು, ಯಾವ ಊರಿನ ನಿಲಯ ಎಷ್ಟು ಶಕ್ತಿಯಿಂದ ಯಾವ ಸಂಖ್ಯೆಯಲ್ಲಿ ಮಾತನಾಡಬೇಕು ಎಂಬುದೆಲ್ಲ ಅಲ್ಲಿ ನಿಗದಿಯಾಯಿತು. 1978ರ ನವೆಂಬರ್ 23ರಿಂದ ಅದು ಆಚರಣೆಗೆ ಬಂತು. 1976ರಲ್ಲಿ ಆರಂಭವಾದ ನಮ್ಮ ಮಂಗಳೂರು ಆಕಾಶವಾಣಿಯನ್ನು ಗಡಿಯ ಈಚೆಗೆ ಕುಳಿತು ಕೇಳಿ ಸಂತೋಷಪಟ್ಟವರಲ್ಲಿ ಎಷ್ಟು ಮಂದಿ ಜಿನೀವಾದ ಆ ಕಡತಗಳನ್ನು ನೆನೆದಿದ್ದಾರು!

ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಅಪ್ಪಿಕೊಂಡು ಸಾಗುವುದು. ಇರುಳಾಯಿತೆಂದರೆ ಮೇಲಿನ ಅಯಾನುಮಂಡಲಕ್ಕೆ ತಾಗಿ ಮರಳಿ, ನೂರಾರು ಮೈಲಿಗಳಾಚೆ ಇಳಿಯುವುದು. ಸಂಜೆಯ ವಾರ್ತೆಯ ನಡುವೆ ಎಲ್ಲಿಯದೋ ಅರಿಯದ ಭಾಷೆ ನುಗ್ಗಿ ಬರುತ್ತಿದ್ದುದು ಈ ಕಾರಣದಿಂದಲೇ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಯನ್ನು ಎಳೆದವರು ತಲಪಾಡಿಯಲ್ಲಿ ವಾಹನಗಳನ್ನು ತಡೆದು ನಿಲ್ಲಿಸಬಹುದಾಗಿತ್ತು, ತರಂಗಗಳನ್ನು ನಿಲ್ಲಿಸುವಂತಿರಲಿಲ್ಲ. ಆದುದರಿಂದಲೇ ಕಾಸರಗೋಡಿನ ಕನ್ನಡ ಮನೆಗಳಿಗೆ ಯಾರ ಅಪ್ಪಣೆಯನ್ನೂ ಕೇಳದೆ ಕನ್ನಡ ಬಂದಿತು. ಆದರೆ ಗಡಿಯಿಲ್ಲದ್ದಕ್ಕೆ ನಿಯಮವೂ ಬೇಡವೆಂದುಕೊಂಡರೆ ಯಾರ ಮಾತೂ ಯಾರಿಗೂ ಕೇಳಿಸದು. ಈ ಸಂಗತಿಯನ್ನು ಲೋಕ ಬಹು ಬೇಗನೆ ಕಂಡುಕೊಂಡಿತು. ಅಂತರರಾಷ್ಟ್ರೀಯ ತಂತಿ ಒಕ್ಕೂಟ 1865ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. 1869ರಲ್ಲಿ ಭಾರತ ಅದರ ಸದಸ್ಯನಾಯಿತು. ನಿಸ್ತಂತುವಿನ ಮೊದಲ ಜಾಗತಿಕ ಕರಾರು 1906ರಲ್ಲಿ ಬರ್ಲಿನ್ನಿನಲ್ಲಿ ಆಯಿತು. ಮುಳುಗುವ ಹಡಗಿನ ಕರೆಗೆ ಎಲ್ಲರೂ ಒಪ್ಪಿದ ಒಂದೇ ಸಂಕೇತವಿರಬೇಕೆಂಬ ಮಾತು ಆಗಲೇ ಸ್ಥಿರವಾಯಿತು. ತಂತಿಯ ಒಕ್ಕೂಟವೇ ಬೆಳೆದು ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾಗಿದೆ.

ಈ ಕಾರ್ಯದಲ್ಲಿ ಆಯುಷ್ಯ ಸವೆಸಿದ ಇಂಜಿನಿಯರುಗಳ ಹೆಸರು ಜನರ ಬಾಯಲ್ಲಿ ನಿಲ್ಲುವುದಿಲ್ಲ. ಸೇತುವೆ ಕಟ್ಟಿದವನಿಗೆ ಕಲ್ಲಿನ ಮೇಲೆ ಹೆಸರಿದೆ. ಅಡಚಣೆಯಾಗದಂತೆ ನೋಡಿಕೊಂಡವನಿಗೆ ಏನಿದೆ? ನಮ್ಮ ದೇಶದಲ್ಲಿ 1952ರಿಂದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವೊಂದು ದೆಹಲಿಯಲ್ಲಿ ಕೆಲಸ ಮಾಡುತ್ತಿದೆ. ಸೇನೆಗೆ ಎಷ್ಟು, ರೈಲ್ವೆಗೆ ಎಷ್ಟು, ಆಕಾಶವಾಣಿಗೆ ಎಷ್ಟು ಎಂದು ಅಳೆದು ಕೊಡುವವರು ಅವರು. ಹೊರದೇಶಗಳೊಡನೆ ವಾದಿಸುವವರೂ ಅವರೇ.

ವಾದದ ಕಾವು ಏರಿದುದು ಉಪಗ್ರಹಗಳು ಬಂದ ಮೇಲೆ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಒಂದು ಕಕ್ಷೆಯಿದೆ. ಅಲ್ಲಿರಿಸಿದ ಉಪಗ್ರಹ ಭೂಮಿಯಷ್ಟೇ ವೇಗದಲ್ಲಿ ಸುತ್ತುವುದರಿಂದ ನಮ್ಮ ಕಣ್ಣಿಗೆ ಕದಲದೆ ನಿಂತಂತೆ ತೋರುವುದು. ಆ ವೃತ್ತದ ಸುತ್ತಳತೆ ಎರಡು ಲಕ್ಷ ಅರುವತ್ತೈದು ಸಾವಿರ ಕಿಲೋಮೀಟರಿನಷ್ಟು. ಇಷ್ಟು ದೊಡ್ಡ ಅಂಗಳದಲ್ಲಿ ಜಾಗಕ್ಕೇನು ಬರವೆಂದು ಕೇಳಬಹುದು. ಉಪಗ್ರಹಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ದೊಡ್ಡ ಭಯವಲ್ಲ. ಒಂದೇ ಆವೃತ್ತಿಯಲ್ಲಿ ಒಂದೇ ನೆಲದತ್ತ ಮುಖಮಾಡಿ ಮಾತನಾಡುವ ಎರಡು ಉಪಗ್ರಹಗಳ ನಡುವೆ ಎರಡು ಮೂರು ಡಿಗ್ರಿಗಳಾದರೂ ಅಂತರವಿಲ್ಲದಿದ್ದರೆ ಕೆಳಗಿನ ಆಂಟೆನಾಕ್ಕೆ ಎರಡೂ ಒಟ್ಟಿಗೆ ಕೇಳಿಸುವುವು. ಮುನ್ನೂರರುವತ್ತು ಡಿಗ್ರಿಗಳನ್ನು ಹೀಗೆ ಹಂಚಿದರೆ ಎಷ್ಟು ಪಾಲು ದೊರೆತೀತು, ಅದನ್ನು ಲೋಕದ ಎಷ್ಟು ರಾಷ್ಟ್ರಗಳು ಕೇಳಿಯಾವು!

ಮೊದಲು ಬಂದವನಿಗೆ ಮೊದಲ ಪಾಲೆಂಬುದು ಹಳೆಯ ರೂಢಿ. ರಾಕೆಟ್ಟು ಇದ್ದವರು ಮೊದಲು ಹೋದರು. 1976ರಲ್ಲಿ ಸಮಭಾಜಕ ವೃತ್ತದ ಕೆಳಗಿನ ಕೆಲವು ದೇಶಗಳು ಬೊಗೋಟದಲ್ಲಿ ಸೇರಿ, ತಮ್ಮ ತಲೆಯ ಮೇಲಿನ ಕಕ್ಷೆ ತಮ್ಮದೇ ಎಂದು ಸಾರಿದವು. ಲೋಕ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ಆದರೆ ಆ ಕೂಗಿನ ಹಿಂದಿದ್ದ ಅಂಜಿಕೆ ಸುಳ್ಳಾಗಿರಲಿಲ್ಲ. 1979ರಲ್ಲಿ ಜಿನೀವಾದಲ್ಲಿ ನಡೆದ ಜಾಗತಿಕ ರೇಡಿಯೋ ಆಡಳಿತ ಸಮ್ಮೇಳನದಲ್ಲಿ ಅದು ಅಧ್ಯಕ್ಷರ ಆಯ್ಕೆಯಲ್ಲಿಯೇ ಮೇಲೆದ್ದಿತು. ಅಲಿಪ್ತ ರಾಷ್ಟ್ರಗಳು ಭಾರತದ ಟಿ. ವಿ. ಶ್ರೀರಂಗನ್ ಅವರನ್ನು ಮುಂದಿಟ್ಟವು. ಪಶ್ಚಿಮದವರು ಒಪ್ಪದೆ ತಮ್ಮ ಕಡೆಯವರೊಬ್ಬರನ್ನು ನಿಲ್ಲಿಸಿದರು. ಕೊನೆಗೆ ಅರ್ಜೆಂಟೀನಾದ ಸೆವೆರಿನಿಯವರು ರಾಜಿಯ ಅಧ್ಯಕ್ಷರಾದರು. ಮುಂದೆ 1985 ಮತ್ತು 1988ರ ಎರಡು ಸಮ್ಮೇಳನಗಳ ತರುವಾಯ, ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ಕಡೆಯ ಪಕ್ಷ ಒಂದು ಸ್ಥಾನವನ್ನು ಕಾದಿರಿಸುವ ಯೋಜನೆ ಸಿದ್ಧವಾಯಿತು. ಉಪಗ್ರಹದ ಯೋಚನೆಯನ್ನೇ ಮಾಡದ ಸಣ್ಣ ದೇಶಕ್ಕೂ ಒಂದು ಪಾಲು.

ಕಾದಿರಿಸಿದ ಸ್ಥಾನದಲ್ಲಿ ಇರಿಸಲು ಕೈಯಲ್ಲಿ ಉಪಗ್ರಹ ಬೇಡವೆ? ಅದನ್ನು ಒದಗಿಸಿದವರಲ್ಲಿ ಮೊದಲಿಗರು ನಮ್ಮ ಕರಾವಳಿಯವರೇ. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಿಂದ ತುಸು ಒಳಗಿರುವ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಜನಿಸಿದ ಉಡುಪಿ ರಾಮಚಂದ್ರ ರಾಯರು. ಊರಿನ ಶಾಲೆ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳಿಕ ಬಳ್ಳಾರಿ, ಅನಂತಪುರ, ಕಾಶಿ. ಅಲ್ಲಿಂದ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿಯವರ ಶಿಷ್ಯತ್ವ. ಅವರು ಇಂಜಿನಿಯರರಲ್ಲ, ವಿಶ್ವಕಿರಣಗಳನ್ನು ಅಭ್ಯಸಿಸಿದ ಭೌತವಿಜ್ಞಾನಿ. ಅಮೆರಿಕದಲ್ಲಿ ಸುಖವಾಗಿರಬಹುದಾಗಿದ್ದವರು 1966ರಲ್ಲಿ ಮರಳಿ ಬಂದರು. ಬೆಂಗಳೂರಿನ ಪೀಣ್ಯದಲ್ಲಿ ಕೈಗಾರಿಕೆಯ ಶೆಡ್ಡುಗಳನ್ನು ಹಿಡಿದು, ಉಪಗ್ರಹವೊಂದನ್ನು ಕಣ್ಣಿನಿಂದಲೂ ಕಂಡಿರದ ತರುಣರನ್ನು ಕಟ್ಟಿಕೊಂಡು ಆರ್ಯಭಟವನ್ನು ನಿರ್ಮಿಸಿದರು. 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತುಹೋದುದು ನಿಜ. ಆದರೂ ಕಟ್ಟಲು ಕಲಿತ ಕೈ ಉಳಿಯಿತು.

ಅದೇ ವರ್ಷ ಆಗಸ್ಟಿನಿಂದ ಒಂದು ವರುಷ ಕಾಲ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನವನ್ನು ಕಳುಹಿಸುವ ಪ್ರಯೋಗ ನಡೆಯಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ಕೋಳಿಗೂಡಿನ ಬಲೆಯಂತಹ ತಂತಿಯ ಆಂಟೆನಾದ ಕೆಳಗೆ ಕುಳಿತು ಕನ್ನಡದ ಚಿತ್ರಗಳನ್ನು ಕಂಡರು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದುದು 1981ರ ನವೆಂಬರಿನಲ್ಲಿ! ಎರವಲಿನ ಅವಧಿ ಮುಗಿದೊಡನೆ ಉಪಗ್ರಹವನ್ನು ಅದರ ಒಡೆಯರು ಅತ್ತ ಸರಿಸಿಕೊಂಡರು. ಬೇರೆಯವರ ಬಾವಿಯ ನೀರು ಎಷ್ಟು ದಿನ?

1981ರ ಜೂನ್ 19ರಂದು ಆ್ಯಪಲ್ ಏರಿತು. ಕದಲದ ಕಕ್ಷೆಯಲ್ಲಿ ನಿಂತ ನಮ್ಮ ಮೊದಲ ಸಂಪರ್ಕ ಉಪಗ್ರಹವದು. ಅದನ್ನು ಎತ್ತಿನ ಗಾಡಿಯ ಮೇಲಿರಿಸಿದ ಚಿತ್ರವನ್ನು ನೋಡಿ ನಕ್ಕವರಿದ್ದಾರೆ. ಲೋಹದ ವಾಹನ ಆಂಟೆನಾದ ತರಂಗಗಳನ್ನು ಪ್ರತಿಫಲಿಸಿ ಪರೀಕ್ಷೆಯನ್ನು ಕೆಡಿಸುವುದರಿಂದ ಮರದ ಗಾಡಿಯೇ ಬೇಕಾಯಿತು. ನಕ್ಕವರು ಇದನ್ನು ಅರಿಯರು. ಅಮೆರಿಕದಲ್ಲಿ ಕಟ್ಟಿಸಿದ ಇನ್ಸಾಟ್ 1ಎ 1982ರ ಏಪ್ರಿಲಿನಲ್ಲಿ ಹೋಗಿ ಸೆಪ್ಟೆಂಬರಿಗೇ ನಿಷ್ಪ್ರಯೋಜಕವಾಯಿತು. 1983ರ ಆಗಸ್ಟ್ 30ರಂದು ಹೋದ 1ಬಿ ನಮ್ಮ ಮನೆಗಳಿಗೆ ದೂರದರ್ಶನವನ್ನೂ ಚಂಡಮಾರುತದ ಚಿತ್ರವನ್ನೂ ತಂದಿತು. ಈ ಉಪಗ್ರಹಗಳನ್ನು ನೆಲದಿಂದ ಹಿಡಿದು ನಡೆಸುವ ಮುಖ್ಯ ಕೇಂದ್ರ ಹಾಸನದಲ್ಲಿದೆ. 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದ ರಾಯರ ಕಾಲದಲ್ಲಿಯೇ, 1992ರ ಜುಲೈಯಲ್ಲಿ, ನಮ್ಮವರೇ ನಿರ್ಮಿಸಿದ ಇನ್ಸಾಟ್ 2ಎ ಮೇಲೇರಿತು. ತರುವಾಯ ಅವರು ವಿಶ್ವಸಂಸ್ಥೆಯ ಬಾಹ್ಯಾಕಾಶ ಶಾಂತಿ ಉಪಯೋಗ ಸಮಿತಿಯ ಅಧ್ಯಕ್ಷರಾಗಿ, 1999ರಲ್ಲಿ ವಿಯೆನ್ನಾದ ಜಾಗತಿಕ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಹಿಂದೆ ನ್ಯಾಯಕ್ಕಾಗಿ ಕದ ತಟ್ಟಿದ ದೇಶದವರು ಆಸ್ಥಾನದಲ್ಲಿ ಕುಳಿತರು. 2017ರ ಜುಲೈ 24ರಂದು ರಾಯರು ತೀರಿಕೊಂಡರು.

ದೊಡ್ಡವರ ಈ ಹಂಚಿಕೆಯಿಂದ ನಮಗೇನೆಂದು ಕೇಳುವವರು ಮಂಜೇಶ್ವರದ ಕಡಲತಡಿಗೆ ಬರಲಿ. ಆಳಸಮುದ್ರದಲ್ಲಿ ದೋಣಿ ಮಗುಚುವ ಹೊತ್ತಿಗೆ ಒತ್ತುವ ಸಹಾಯದ ಗುಂಡಿಯ ಕರೆ 406 ಮೆಗಾಹರ್ಟ್ಸಿನಲ್ಲಿ ಹೊರಡುತ್ತದೆ. ಆ ಪುಟ್ಟ ಪಟ್ಟಿಯನ್ನು ಲೋಕದ ರಾಷ್ಟ್ರಗಳು ಆಪತ್ತಿನ ಕರೆಗೆಂದೇ ಮೀಸಲಿಟ್ಟಿವೆ. ಅಲ್ಲಿ ಬೇರೆ ಯಾರೂ ಮಾತನಾಡಕೂಡದು. ಕರೆ ಉಪಗ್ರಹವನ್ನು ಸೇರಿ ಬೆಂಗಳೂರಿನ ಕೇಂದ್ರಕ್ಕೆ ತಲುಪಿ, ಅಲ್ಲಿಂದ ರಕ್ಷಕರಿಗೆ ಹೋಗುವುದು. ಮನೆಯಲ್ಲಿ ಕಾದಿರುವ ತಾಯಿಗೆ ಜಿನೀವಾದ ಹೆಸರು ತಿಳಿದಿರಬೇಕಾಗಿಲ್ಲ.

ಇನ್ನು ಮೊಬೈಲಿನ ಮಾತು. ಹೊಸಂಗಡಿಯಿಂದ ತಲಪಾಡಿ ದಾಟಿದವರಿಗೆ ಕೇರಳದ ವಲಯ ಮುಗಿದು ಕರ್ನಾಟಕದ ವಲಯ ಆರಂಭವಾದುದನ್ನು ಕೈಯ ಫೋನೇ ತಿಳಿಸುತ್ತದೆ. ಕೆಲವು ಕಾಲ ಹಿಂದಿನವರೆಗೂ ಈ ದಾಟುವಿಕೆಗೆ ಹಣವನ್ನೂ ತೆರಬೇಕಿತ್ತು. ಮಂಗಳೂರಿನ ಗೋಪುರದ ತರಂಗವನ್ನು ಮನೆಯ ಜಗಲಿಯಲ್ಲಿಯೇ ಹಿಡಿದ ಫೋನು, ಕುಳಿತಲ್ಲಿಂದ ಕದಲದ ಅಜ್ಜನಿಂದಲೂ ಪರರಾಜ್ಯದ ಶುಲ್ಕವನ್ನು ವಸೂಲು ಮಾಡುತ್ತಿತ್ತು.